ಥರ್ಮೋಸ್ಟಾಟ್ ಕಿತ್ತು ಹಾಕಿ ಅಂದರು

ನಮ್ಮ ಮನೆಯ ಸೆಡಾನ್‌ಗೆ ವಯಸ್ಸಾಗಿದೆ. ಓಡಿರುವುದು ಎರಡು ಲಕ್ಷ ಕಿಲೋಮೀಟರ್ ದಾಟಿದೆ, ಬಾನೆಟ್ ಬಣ್ಣ ಮಾಸಿದೆ, ಹಿಂದಿನ ಎಡಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತದೆ. ಇದ್ಯಾವುದಕ್ಕೂ ನಾನು ತಲೆ ಕೆಡಿಸಿಕೊಂಡವಳಲ್ಲ. ತಲೆ ಕೆಡಿಸಿದ್ದು ಟೆಂಪರೇಚರ್ ಮುಳ್ಳು.

ಬೇಸಿಗೆ ಶುರುವಾದ ಮೇಲೆ, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗಲೆಲ್ಲ ಮುಳ್ಳು ಮಧ್ಯದ ಗೆರೆ ಬಿಟ್ಟು ಮೇಲೆ ಹೊರಡುತ್ತಿತ್ತು. ದಾರಿ ಬಿಡುವಾಗಿ ಗಾಡಿ ಓಡತೊಡಗಿದರೆ ತಾನಾಗಿಯೇ ಇಳಿಯುತ್ತಿತ್ತು. ಒಬ್ಬ ಮೆಕ್ಯಾನಿಕ್ ನೋಡಿ, ರೇಡಿಯೇಟರ್ ಕಟ್ಟಿಕೊಂಡಿದೆ, ಹೊಸದು ಹಾಕಿಸಿ ಅಂದರು. ಇನ್ನೊಬ್ಬರು, "ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಮೇಡಂ, ಅದು ಬೇಕಾಗೇ ಇಲ್ಲ" ಅಂದರು. ಎಂಜಿನ್ ತಣಿಸುವ ದ್ರವ, ಅಂದರೆ ಕೂಲಂಟ್, ಬಿಸಿ ಕಳೆದುಕೊಳ್ಳುವುದು ರೇಡಿಯೇಟರಿನಲ್ಲಿ; ಆ ದಾರಿಯ ಕವಾಟವೇ ಥರ್ಮೋಸ್ಟಾಟ್. ಅದೇ ಹೊತ್ತಿಗೆ ಎಸಿ ಕೂಡ ಕೈಕೊಡುತ್ತಿತ್ತು. ಅದನ್ನು ನೋಡಿದವರು ಗ್ಯಾಸ್ ಕಮ್ಮಿಯಾಗಿದೆ ಅಂತ ತೀರ್ಪು ಕೊಟ್ಟರು. ಮೂವರೂ ಬಾನೆಟ್ ಎತ್ತಿ ನೋಡಿದ್ದು ನಿಜ. ಆದರೆ ಯಾವಾಗ ಬಿಸಿಯಾಗುತ್ತದೆ, ಯಾವಾಗ ಆಗುವುದಿಲ್ಲ ಎಂದು ಒಬ್ಬರೂ ಕೇಳಲಿಲ್ಲ.

ನನ್ನ ಪ್ರಕಾರ ಕೇಳಬೇಕಾದ ಮೊದಲ ಪ್ರಶ್ನೆಯೇ ಅದು. ಗಾಡಿ ಓಡುವಾಗ ಎದುರುಗಾಳಿಯೇ ರೇಡಿಯೇಟರ್ ಒಳಗೆ ನುಗ್ಗುತ್ತದೆ, ಫ್ಯಾನ್ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ನಿಂತಾಗ ಗಾಳಿ ಎಳೆಯುವುದು ಫ್ಯಾನ್ ಮಾತ್ರ. ಹಾಗಾಗಿ ನಿಂತಾಗ ಬಿಸಿಯೇರಿ ಓಡುವಾಗ ತಣ್ಣಗಾಗುವ ಕಾರಿನಲ್ಲಿ ಮೊದಲು ಅನುಮಾನಿಸಬೇಕಾದ್ದು ಫ್ಯಾನನ್ನು. ಹೆದ್ದಾರಿಯಲ್ಲಿ ಒಂದೇ ಸಮ ಓಡುವಾಗ, ಇಲ್ಲವೇ ಏರು ಹತ್ತುವಾಗ ಬಿಸಿಯಾದರೆ ಕೂಲಂಟ್ ಹರಿವಿನ ಮೇಲೆ ಕಣ್ಣಿಡಬೇಕು: ಕಟ್ಟಿಕೊಂಡ ರೇಡಿಯೇಟರ್, ಅರ್ಧಂಬರ್ಧ ತೆರೆಯುವ ಥರ್ಮೋಸ್ಟಾಟ್, ಸವೆದ ವಾಟರ್ ಪಂಪ್. ಇದಕ್ಕೂ ಅಪವಾದಗಳಿವೆ. ಆದರೂ ಎಲ್ಲಿಂದ ಶುರು ಮಾಡಬೇಕು ಅನ್ನುವುದಕ್ಕೆ ಇಷ್ಟು ಸಾಕು.

ಎಸಿಯ ಸುಳಿವು ಕೊಟ್ಟಿದ್ದು ಅಮ್ಮ. "ನಿಂತ್ರೆ ಸೆಖೆ, ಹೊರಟ್ರೆ ತಂಪು. ಇದೆಂಥ ಎಸಿ ಕಣೇ?" ಅಂತ ಹಿಂದಿನ ಸೀಟಿನಲ್ಲಿ ಕೂತು ಗೊಣಗಿದ್ದಳು. ಗ್ಯಾಸ್ ಕಮ್ಮಿಯಾಗಿದ್ದರೆ ಸಾಮಾನ್ಯವಾಗಿ ಓಡುವಾಗಲೂ ತಂಪು ಕಮ್ಮಿಯೇ ಇರುತ್ತದೆ. ಎಸಿಯ ಬಿಸಿಯನ್ನು ಹೊರಬಿಡುವ ಕಂಡೆನ್ಸರ್ ಇರುವುದು ರೇಡಿಯೇಟರಿನ ಮುಂದೆ, ಎರಡಕ್ಕೂ ಗಾಳಿ ಒಂದೇ ಫ್ಯಾನಿನದು. ಎಂಜಿನ್‌ದೊಂದು ಕಾಯಿಲೆ, ಎಸಿಯದೊಂದು ಕಾಯಿಲೆ ಅಂತ ನಾವು ಬೇರೆಬೇರೆಯಾಗಿ ಓಡಾಡುತ್ತಿದ್ದೆವು. ಅಮ್ಮನ ಗೊಣಗಾಟದಲ್ಲಿ ಎರಡೂ ಒಂದೇ ಆಗಿ ಕಂಡವು.

ಆ ಭಾನುವಾರ ಬೆಳಿಗ್ಗೆ ತಮ್ಮನನ್ನು ಎಬ್ಬಿಸಿ ಕೆಲಸಕ್ಕೆ ಕೂರಿಸಿದೆ. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಪುಟ್ಟದೊಂದು ಓಬಿಡಿ ರೀಡರ್ ಸಿಕ್ಕಿಸಿ, ಫೋನಿನಲ್ಲಿ ಕೂಲಂಟಿನ ತಾಪ ಓದುವುದು ಅವನ ಪಾಲು. ಡ್ಯಾಶ್‌ಬೋರ್ಡಿನ ಮುಳ್ಳನ್ನು ಪೂರ್ತಿ ನಂಬಬಾರದು. ಬಹಳಷ್ಟು ಕಾರುಗಳಲ್ಲಿ ಓಡಿಸುವವರು ಗಾಬರಿಯಾಗದಿರಲಿ ಎಂದು ಬೇಕೆಂದೇ ಅದನ್ನು ಮಧ್ಯದಲ್ಲಿ ನಿಲ್ಲಿಸಿರುತ್ತಾರೆ. ನಮ್ಮದರಲ್ಲಿ 85 ಡಿಗ್ರಿ ಸೆಲ್ಸಿಯಸ್ ಇದ್ದಾಗಲೂ 100 ಇದ್ದಾಗಲೂ ಮುಳ್ಳು ಅದೇ ಗೆರೆಯ ಮೇಲೆ ಕೂತಿರುತ್ತಿತ್ತು.

ಎಂಜಿನ್ ಶುರು ಮಾಡಿ ಎಸಿ ಹಾಕಿದೆವು. ಎಸಿ ಹಾಕಿದ ಕೂಡಲೇ ಫ್ಯಾನ್ ನಿಧಾನವಾಗಿಯಾದರೂ ತಿರುಗಬೇಕು. ನಾನು ಟಾರ್ಚ್ ಹಿಡಿದು ಬಗ್ಗಿ ನೋಡಿದರೆ ರೆಕ್ಕೆಗಳು ಅಲುಗಾಡದೆ ನಿಂತಿವೆ. "92 ಅಕ್ಕ… 95… 98," ತಮ್ಮ ಒಳಗಿನಿಂದ ಕೂಗುತ್ತಲೇ ಇದ್ದ. 100 ದಾಟಿತು, ಆಗಲೂ ಇಲ್ಲ. 105 ಅಂದ ಗಳಿಗೆಗೆ ಫ್ಯಾನ್ ಗುರ್ರೆಂದು ಒಮ್ಮೆಲೇ ಪೂರ್ತಿ ವೇಗದಲ್ಲಿ ಎದ್ದಿತು. ಬಾನೆಟ್ ಕೆಳಗಿನ ಬಿಸಿಗಾಳಿಯೆಲ್ಲ ನನ್ನ ಮುಖಕ್ಕೆ. ತಾಪ ಇಳಿಯಿತು, ಫ್ಯಾನ್ ನಿಂತಿತು, ತಾಪ ಮತ್ತೆ ಏರತೊಡಗಿತು.

ನಮ್ಮ ಕಾರಿನ ಫ್ಯಾನಿಗೆ ಎರಡು ವೇಗ. ಮೆಲ್ಲನೆಯದು ಮಾಮೂಲಿ ಹೊತ್ತಿಗೆ, ಜೋರಿನದು ಕೈಮೀರಿದಾಗ. ನಮ್ಮದರಲ್ಲಿ ಮೆಲ್ಲನೆಯದು ಸತ್ತುಹೋಗಿ ಜೋರಿನದೊಂದೇ ಉಳಿದಿತ್ತು. ಇಷ್ಟು ಕಂಡ ಮೇಲೆ ಲೆಕ್ಕ ಸುಲಭ. ಫ್ಯಾನ್ ತಿರುಗಿತು ಅಂದರೆ ಮೋಟಾರ್ ಸರಿಯಿದೆ. ಸರಿಯಾದ ತಾಪಕ್ಕೆ ಎದ್ದಿತು ಅಂದರೆ ಸೆನ್ಸರ್ ಸರಿಯಿದೆ. ಉಳಿದಿದ್ದು ಮೆಲ್ಲನೆಯ ವೇಗದ ಫ್ಯೂಸು, ರಿಲೇ (ಕರೆಂಟಿನಿಂದಲೇ ಕೆಲಸ ಮಾಡುವ ಸ್ವಿಚ್ಚು) ಮತ್ತು ಕರೆಂಟಿಗೆ ತಡೆಯೊಡ್ಡಿ ಫ್ಯಾನಿನ ವೇಗ ತಗ್ಗಿಸುವ ರೆಸಿಸ್ಟರ್. ಫ್ಯೂಸ್ ಸುಟ್ಟಿರಲಿಲ್ಲ. ಅದೇ ಪೆಟ್ಟಿಗೆಯಲ್ಲಿ ಅದೇ ನಂಬರಿನ ರಿಲೇ ಹಾರನ್ನಿಗೂ ಇತ್ತು. ಅದನ್ನು ಕಿತ್ತು ಇದರ ಜಾಗಕ್ಕೆ ಹಾಕಿ ನೋಡಿದರೂ ಏನೂ ಬದಲಾಗಲಿಲ್ಲ.

ರೆಸಿಸ್ಟರ್ ಕುಳಿತಿರುವುದು ಫ್ಯಾನಿನ ಪ್ಲಾಸ್ಟಿಕ್ ಕವಚದ ಮೇಲೆ. ವಿದ್ಯುತ್ ತಡೆಯುವಾಗ ಅದೂ ಬಿಸಿಯಾಗುವುದರಿಂದ ಗಾಳಿ ಬೀಸುವ ದಾರಿಯಲ್ಲೇ ಕೂರಿಸಿರುತ್ತಾರೆ. ಎಂಜಿನ್ ಪೂರ್ತಿ ಆರುವವರೆಗೆ ಕಾದು, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಟ್ಟು ಕೈ ಹಾಕಿದೆ. ಕೀ ತೆಗೆದ ಮೇಲೂ ತಾನಾಗಿ ತಿರುಗುವ ಫ್ಯಾನುಗಳಿವೆ, ಬೆರಳು ಒಳಗಿದ್ದಾಗ ಅದು ನೆನಪಾದರೆ ತಡವಾಗಿರುತ್ತದೆ. ಎರಡು ಸ್ಕ್ರೂ ತೆಗೆದರೆ ಕೈಗೆ ಬಂತು: ಪಿಂಗಾಣಿಯ ಸಣ್ಣ ದಿಮ್ಮಿ, ಅದರ ಬೆನ್ನಿಗೆ ಸುರುಳಿ ತಂತಿ. ಸುರುಳಿಯ ಒಂದು ತುದಿ ತುಕ್ಕು ಹಿಡಿದು ಕೂದಲೆಳೆಯಷ್ಟು ಅಂತರದಲ್ಲಿ ತುಂಡಾಗಿತ್ತು. ಮಲ್ಟಿಮೀಟರ್ ಹಿಡಿದೆ. ಸರಿಯಿದ್ದರೆ ಒಂದು ಓಮ್‌ಗಿಂತಲೂ ಕಡಿಮೆ ತೋರಿಸಬೇಕಿತ್ತು. ಇದು ಸಂಪರ್ಕವೇ ಇಲ್ಲ ಅಂದಿತು. ಇಷ್ಟು ಸಣ್ಣ ಅಳತೆಗೆ ಮೀಟರಿನ ಎರಡು ಮೊನೆಗಳನ್ನು ಮೊದಲು ಒಂದಕ್ಕೊಂದು ತಾಗಿಸಿ ನೋಡಿಕೊಳ್ಳುವುದು ಒಳ್ಳೆಯದು. ಅಗ್ಗದ ಮೀಟರುಗಳಲ್ಲಿ ತಂತಿಯದೇ 0.2, 0.3 ಓಮ್ ಬಂದುಬಿಡುತ್ತದೆ.

ತಮ್ಮ ಕೂಡಲೇ ಉಪಾಯ ಹೇಳಿದ. "ಡೈರೆಕ್ಟ್ ಕೊಟ್ಟುಬಿಡೋಣ ಅಕ್ಕ. ಒಳಗೊಂದು ಸ್ವಿಚ್ ಹಾಕಿದ್ರೆ ಆಯ್ತು, ಬೇಕಾದಾಗ ಒತ್ತೋದು." ಹಳೇ ಕಾರುಗಳಲ್ಲಿ ಇಂಥ ಸ್ವಿಚ್ಚುಗಳನ್ನು ಬೇಕಾದಷ್ಟು ನೋಡಿದ್ದೇನೆ. ಒತ್ತಲು ಮರೆತರೆ ಎಂಜಿನ್ ಹೋಯಿತು, ಆರಿಸಲು ಮರೆತರೆ ಬ್ಯಾಟರಿ ಹೋಯಿತು. ಫ್ಯಾನ್ ಎಳೆಯುವ ಕರೆಂಟಿಗೆ ತಾಳದ ತೆಳು ವೈರು ಹಾಕಿದರೆ ಬೆಂಕಿಯ ಭಯ ಬೇರೆ. ಮುಂದೆ ರಿಪೇರಿ ಮಾಡುವವರಿಗೆ ಯಾವ ವೈರು ಎಲ್ಲಿಗೆ ಹೋಗಿದೆ ಎಂದು ಹುಡುಕುವುದೇ ಒಂದು ಕೆಲಸ. ಬೇಡವೇ ಬೇಡ ಅಂದೆ.

ಬಿಡಿಭಾಗದ ಅಂಗಡಿಯವರು ರೆಸಿಸ್ಟರ್ ಬಿಡಿಯಾಗಿ ಬರುವುದಿಲ್ಲ, ಮೋಟಾರ್ ಸಮೇತ ಇಡೀ ಸೆಟ್ ತಗೊಳ್ಳಿ ಅಂದರು. ಹಳೆಯದರ ಮೈಮೇಲಿದ್ದ ಪಾರ್ಟ್ ನಂಬರ್ ಒರೆಸಿ ತೋರಿಸಿದ ಮೇಲೆ ಒಳಗಿನ ಕಪಾಟಿನಲ್ಲಿ ಬಿಡಿಯೇ ಸಿಕ್ಕಿತು. ಹಳೇ ಗಾಡಿ ಇಟ್ಟುಕೊಂಡವರು ಮಾದರಿಯ ಹೆಸರು ಹೇಳುವುದಕ್ಕಿಂತ ನಂಬರ್ ತೋರಿಸುವುದು ಲೇಸು.

ಫ್ಯಾನಿನ ಕವಚ ಕಳಚಿದ ಮೇಲೆ ಮಾಮೂಲಿನಂತೆ ಇನ್ನೊಂದು ಕಣ್ಣಿಗೆ ಬಿತ್ತು. ಮೇಲಿನ ಹೋಸ್ ಸೇರುವ ಕಡೆ ರೇಡಿಯೇಟರಿನ ಪ್ಲಾಸ್ಟಿಕ್ ತೊಟ್ಟಿಯ ಮೇಲೆ ಒಣಗಿದ ಗುಲಾಬಿ ಕಲೆ. ಕೂಲಂಟ್ ಬಲು ಸಣ್ಣಗೆ ಜಿನುಗಿ, ಅಲ್ಲೇ ಆರಿ ಕೂತಿದೆ. ಹೋಸ್ ಹಿಸುಕಿದರೆ ಕ್ಲಾಂಪಿನ ಪಕ್ಕದಲ್ಲಿ ಪಿಚಪಿಚ ಮೆತ್ತಗೆ. ರಬ್ಬರ್ ಒಳಗಿನಿಂದ ಹಾಳಾಗಿ ಬಂದಿತ್ತು.

ಹೇಗೂ ಕೂಲಂಟ್ ಇಳಿಸಬೇಕಾಗಿ ಬಂತಲ್ಲ, ಬಿಸಾಕಿ ಅಂದಿದ್ದರಲ್ಲ ಆ ಥರ್ಮೋಸ್ಟಾಟನ್ನೂ ಬಿಚ್ಚಿದೆ. ಅದು ಮೇಣದ ಗುಳಿಗೆಯಿಂದ ಕೆಲಸ ಮಾಡುವ ಸಣ್ಣ ಕವಾಟ. ಎಂಜಿನ್ ತಣ್ಣಗಿದ್ದಾಗ ಮುಚ್ಚಿಕೊಂಡು ಕೂಲಂಟನ್ನು ಎಂಜಿನ್ ಒಳಗೇ ಸುತ್ತಿಸುತ್ತದೆ. ಬಿಸಿಯಾದಾಗ ಮೇಣ ಕರಗಿ, ಹಿಗ್ಗಿ, ಕವಾಟವನ್ನು ತಳ್ಳಿ ರೇಡಿಯೇಟರಿನ ದಾರಿ ಬಿಡುತ್ತದೆ. ಅದರ ಅಂಚಿನ ಮೇಲೆ 82 ಎಂದು ಒತ್ತಿತ್ತು, ತೆರೆಯಲು ಶುರುವಾಗುವ ತಾಪ ಅದು. ಗ್ಯಾರೇಜಿಗೆಂದೇ ಇಟ್ಟಿರುವ ಹಳೇ ಪಾತ್ರೆಯ ನೀರಿನಲ್ಲಿ, ತಳಕ್ಕೆ ತಾಗದಂತೆ ದಾರ ಕಟ್ಟಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಒಲೆ ಹಚ್ಚಿದೆ. 80ರವರೆಗೆ ಬಿಗಿಯಾಗಿತ್ತು. 83ರ ಹೊತ್ತಿಗೆ ಅಂಚಿನಲ್ಲಿ ಕಪ್ಪು ಗೆರೆ ಮೂಡಿತು. ನೀರು ಕುದಿಯುವ ಹೊತ್ತಿಗೆ ಬಾಯಿ ಪೂರ್ತಿ ತೆರೆದಿತ್ತು. ಪಾಪ, ಅದರ ತಪ್ಪೇನೂ ಇರಲಿಲ್ಲ.

ಕಿತ್ತು ಹಾಕಿದ್ದರೆ ಏನಾಗುತ್ತಿತ್ತು? ನಿಂತಾಗಿನ ಬಿಸಿ ಹಾಗೆಯೇ ಇರುತ್ತಿತ್ತು, ಗಾಳಿಯಿಲ್ಲದ ರೇಡಿಯೇಟರಿಗೆ ಎಷ್ಟು ಕೂಲಂಟ್ ಹರಿಸಿ ಏನು ಪ್ರಯೋಜನ? ಓಡುವಾಗ ಮಾತ್ರ ಎಂಜಿನ್ ಬೇಕಾದ ತಾಪಕ್ಕೆ ಬರದೆ ಒದ್ದಾಡುತ್ತಿತ್ತು. ತಣ್ಣಗಿನ ಎಂಜಿನ್‌ಗೆ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಆಯಿಲ್‌ನಲ್ಲಿ ಸೇರಿದ ತೇವ ಆವಿಯಾಗಿ ಹೋಗುವುದಿಲ್ಲ, ಸವೆತ ಜಾಸ್ತಿ. ಮುಳ್ಳು ಕೆಳಗಿದೆ ಎಂದು ಯಜಮಾನರಿಗೆ ಸಮಾಧಾನ, ಅಷ್ಟೇ. ಆದರೂ ಈ ಸಲಹೆಗೆ ಸಾವಿಲ್ಲ. ಇಷ್ಟು ಬಿಚ್ಚಿದ ಮೇಲೆ ಹೊಸ ಥರ್ಮೋಸ್ಟಾಟ್, ಹೊಸ ಗ್ಯಾಸ್ಕೆಟ್ ಹಾಕಿಯೇಬಿಟ್ಟೆ. ಅದರ ಪುಟ್ಟ ಅಲುಗಾಡುವ ಪಿನ್ನು ಮೇಲ್ಗಡೆಗೇ ಬರಬೇಕು, ಗಾಳಿ ಹೊರಬೀಳುವುದು ಅಲ್ಲಿಂದ.

ಮೇಲಿನ ಹೋಸ್, ರೇಡಿಯೇಟರ್ ಕ್ಯಾಪ್ ಕೂಡ ಹೊಸವು. ಕ್ಯಾಪ್ ಬರೀ ಮುಚ್ಚಳವಲ್ಲ. ಅರ್ಧ ಡಿಸ್ಟಿಲ್ಡ್ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ ಇರುವ ಕೂಲಂಟ್ ತೆರೆದಿಟ್ಟರೆ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ಕ್ಯಾಪಿನ ಸ್ಪ್ರಿಂಗು ಸುಮಾರು ಒಂದು ಬಾರ್ ಒತ್ತಡ ಹಿಡಿದಿಡುವುದರಿಂದ ಆ ಮಿತಿ 120 ದಾಟುತ್ತದೆ. ಬಿಸಿ ಎಂಜಿನ್‌ನ ಕ್ಯಾಪ್ ತೆಗೆಯಬಾರದು ಅನ್ನುವುದೂ ಇದಕ್ಕೇ. ಒತ್ತಡ ಹೋದ ಕ್ಷಣಕ್ಕೆ ಒಳಗಿದ್ದದ್ದು ಕುದಿದು ಮುಖಕ್ಕೆ ಚಿಮ್ಮುತ್ತದೆ. ಇಳಿಸಿದ ಹಳೇ ಕೂಲಂಟನ್ನು ಮುಚ್ಚಳವಿರುವ ಡಬ್ಬಕ್ಕೆ ಹಾಕಿ ಎತ್ತಿಟ್ಟೆ. ಅದರ ರುಚಿ ಸಿಹಿ, ಬೆಕ್ಕು ನಾಯಿಗಳು ನೆಕ್ಕಿದರೆ ಪ್ರಾಣಕ್ಕೇ ಕುತ್ತು.

ತುಂಬಿಸುವಾಗ ಅವಸರ ಮಾಡಬಾರದು. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಕ್ಯಾಪ್ ತೆಗೆದಿಟ್ಟು, ತಣ್ಣಗಿನ ಎಂಜಿನ್ ಶುರು ಮಾಡಿ ಐಡ್ಲಿಂಗ್‌ನಲ್ಲಿ ಬಿಟ್ಟೆವು. ಹೊಸ ಹೋಸನ್ನು ಆಗಾಗ ಮೆಲ್ಲಗೆ ಹಿಸುಕಿದಂತೆ ಗುಳ್ಳೆಗಳು ಬುಳುಬುಳು ಮೇಲೆ ಬಂದವು. ಕೈಯಡಿ ಬೆಚ್ಚಗಷ್ಟೇ ಇದ್ದ ಹೋಸ್ ಇದ್ದಕ್ಕಿದ್ದಂತೆ ಮುಟ್ಟಲಾರದಷ್ಟು ಬಿಸಿಯಾಯಿತು. ಥರ್ಮೋಸ್ಟಾಟ್ ತೆರೆದಿತ್ತು. ಕೂಲಂಟ್ ಮಟ್ಟ ಇಳಿಯಿತು, ಇನ್ನಷ್ಟು ಹಾಕಿ, ಗುಳ್ಳೆ ನಿಂತ ಮೇಲೆ ಕ್ಯಾಪ್ ಬಿಗಿದೆ.

"96," ಅಂದ ತಮ್ಮ. ಫ್ಯಾನ್ ಮೆಲ್ಲಗೆ ತಿರುಗಲು ಶುರುವಾಯಿತು. 96ರಿಂದ 93, ಅಲ್ಲಿಂದ ಮತ್ತೆ 96, ಅದರಾಚೆ ಹೋಗಲಿಲ್ಲ. ಎಸಿ ಹಾಕಿ, ಅಮ್ಮನನ್ನು ಕರೆದು ಹಿಂದಿನ ಸೀಟಿನಲ್ಲಿ ಕೂರಿಸಿದೆವು. ಗಾಡಿ ನಿಂತಲ್ಲೇ ಇತ್ತು. ಸ್ವಲ್ಪ ಹೊತ್ತಿಗೆ, "ಸಾಕು, ಕಮ್ಮಿ ಮಾಡ್ರೋ" ಅಂದಳು. ಗ್ಯಾಸ್ ಇಂದಿಗೂ ತುಂಬಿಸಿಲ್ಲ.

ರೇಡಿಯೇಟರ್ ಹಳೆಯದೇ ಇದೆ. ಪ್ಲಾಸ್ಟಿಕ್ ತೊಟ್ಟಿಯ ಕಲೆಯನ್ನು ತೊಳೆದು ನೋಡಿದಾಗ ಬಿರುಕು ಕಾಣಲಿಲ್ಲ, ಜಿನುಗಿದ್ದು ಹೋಸಿನಿಂದಲೇ ಇರಬೇಕು. ಆದರೂ ಇಷ್ಟು ವರ್ಷ ಬೆಂದ ಪ್ಲಾಸ್ಟಿಕ್ಕನ್ನು ನಾನು ಪೂರ್ತಿ ನಂಬುವುದಿಲ್ಲ. ರಿಸರ್ವಾಯರ್ ಮೇಲೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದಿದ್ದೇನೆ. ವಾರಕ್ಕೊಮ್ಮೆ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ನೋಡುತ್ತೇನೆ. ಗೆರೆಯಿಂದ ಕೆಳಗಿಳಿದರೆ, ಆಗ ಮೊದಲನೇ ಮೆಕ್ಯಾನಿಕ್ ಹೇಳಿದ ಹೊಸ ರೇಡಿಯೇಟರ್ ತರಿಸುವುದೇ.