ಸೊಂಟ ಎಲ್ಲಪ್ಪಾ ಇದಕ್ಕೆ?

ಭಾನುವಾರ ಬೆಳಿಗ್ಗೆ ಗೆಳೆಯ ಮಗಳ ಲಗ್ನಪತ್ರಿಕೆ ಕೊಡೋಕೆ ಬಂದಿದ್ದ, ಜೊತೆಗೆ ಅವನ ಅಪ್ಪ. ಅವರನ್ನು ನೋಡಿ ಆರೇಳು ವರ್ಷವಾಗಿತ್ತು. ವಯಸ್ಸು ಎಂಬತ್ತರ ಹತ್ತಿರ. ಕಿವಿ ಸ್ವಲ್ಪ ಮಂದವಾಗಿದೆ, ನಡಿಗೆ ಮಾತ್ರ ಇನ್ನೂ ಗಟ್ಟಿ. ಕಾಫಿ ಬರುವಷ್ಟರಲ್ಲಿ ಅವರು ಸೋಫಾದಿಂದ ಎದ್ದು ಕಿಟಕಿ ಪಕ್ಕದ ನನ್ನ ಮೇಜಿನ ಹತ್ತಿರ ಹೋಗಿದ್ದರು.

ಮೇಜಿನ ಮೇಲೆ ನನ್ನ ಮಾರುತ್ ಇತ್ತು. ಎಚ್‌ಎಫ್-24 ಮಾರುತ್, ಅಂದರೆ ನಮ್ಮ ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಯುದ್ಧ ವಿಮಾನ. ಇದು ನಿಜವಾದ ವಿಮಾನದ 72ರಲ್ಲಿ 1 ಪಾಲಿನ ಪ್ಲಾಸ್ಟಿಕ್ ಕಿಟ್. ಇನ್ನೂ ಬಣ್ಣ ಹೊಡೆದಿಲ್ಲ, ಪುಟ್ಟಿ ಹಚ್ಚಿದ ಕಡೆ ಬಿಳಿ, ಉಳಿದದ್ದೆಲ್ಲ ಬೂದಿ. ಅವರು ಕೇಳಲಿಲ್ಲ, ಎತ್ತಿಕೊಂಡರು. ಬೇರೆಯವರು ಎತ್ತಿಕೊಂಡರೆ ರೆಕ್ಕೆ ಹಿಡಿಯುತ್ತಾರೆ, ನನ್ನ ಜೀವ ಬಾಯಿಗೆ ಬರುತ್ತದೆ. ಇವರು ಬಾಲದ ಹತ್ತಿರ ಎರಡು ಬೆರಳಲ್ಲಿ ಹಿಡಿದರು. ಕಣ್ಣಿನ ಮಟ್ಟಕ್ಕೆ ತಂದರು. ಒಂದು ಕಣ್ಣು ಮುಚ್ಚಿ ಹಿಂದಿನಿಂದ ಮೂತಿಯವರೆಗೆ ಉದ್ದಕ್ಕೂ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ಸೊಂಟ ಎಲ್ಲಪ್ಪಾ ಇದಕ್ಕೆ?"

ನನಗೆ ತಕ್ಷಣ ಅರ್ಥ ಆಗಲಿಲ್ಲ.

ಅಷ್ಟರಲ್ಲಿ ಗೆಳೆಯ, "ಅಪ್ಪ, ಅದನ್ನ ಕೆಳಗಿಡಿ, ಆಟದ ಸಾಮಾನು ಅದು, ಮುರಿದುಬಿಡುತ್ತೆ" ಅಂದ. ಅವನಿಗೆ ಇನ್ನೂ ಹದಿನೈದು ಮನೆ ಸುತ್ತುವುದಿತ್ತು, ಅವಸರ, ಒಪ್ಪುತ್ತೇನೆ. ಆದರೆ ಅವನು ಬೆಳೆದಿದ್ದು ಎಚ್‌ಎಎಲ್ ಸಂಬಳದಲ್ಲಿ. ಅವರಪ್ಪ ಅಲ್ಲಿ ಏನು ಮಾಡುತ್ತಿದ್ದರು ಅಂತ ನಾನು ಕಾಲೇಜಿನಲ್ಲಿ ಕೇಳಿದಾಗ "ಏನೋ ಫಿಟ್ಟರ್ ಕೆಲಸ" ಅಂದಿದ್ದ. ದಿನಾ ಸುರಂಜನ್ ದಾಸ್ ರಸ್ತೆಯಲ್ಲಿ ಓಡಾಡುತ್ತಾನೆ. 1961ರ ಜೂನ್ 17ರಂದು ಮಾರುತ್‌ನ್ನು ಮೊದಲ ಸಲ ಹಾರಿಸಿದವರು ಅದೇ ಸುರಂಜನ್ ದಾಸ್ ಅಂತ ಅವನಿಗೆ ಗೊತ್ತಿರಲಿಲ್ಲ, ಭಾನುವಾರ ನಾನೇ ಹೇಳಿದೆ. ಒಳ್ಳೆ ಮನುಷ್ಯ, ನನ್ನ ಕಷ್ಟಕ್ಕೆ ಎರಡು ಸಲ ಆಗಿದ್ದಾನೆ. ಆದರೂ ಆ "ಆಟದ ಸಾಮಾನು" ನನಗೆ ಚುಚ್ಚಿತು. ಅವರಪ್ಪನಿಗೂ ಚುಚ್ಚಿರಬೇಕು.

ಈ ಕಿಟ್‌ನ ಆಕಾರ ಸರಿ ಇಲ್ಲ ಅನ್ನೋದು ನನಗೆ ಗೊತ್ತಿತ್ತು. ನಾಲ್ಕು ತಿಂಗಳಿಂದ ಅದನ್ನೇ ಸರಿ ಮಾಡ್ತಾ ಇದ್ದೆ. ಮಾರುತ್‌ನ ರೆಕ್ಕೆ ತುದಿಯಿಂದ ತುದಿಗೆ 9 ಮೀಟರ್, ಉದ್ದ 15.87 ಮೀಟರ್. 72ರಿಂದ ಭಾಗಿಸಿದರೆ ರೆಕ್ಕೆ ಸರಿಯಾಗಿ 125 ಮಿಲಿಮೀಟರ್ ಬರಬೇಕು, ಉದ್ದ 220ಕ್ಕಿಂತ ಕೂದಲೆಳೆ ಜಾಸ್ತಿ. ಡಬ್ಬ ತೆರೆದ ದಿನವೇ ವರ್ನಿಯರ್ ಅಳತೆಗೋಲು ಇಟ್ಟು ನೋಡಿದ್ದೆ. ರೆಕ್ಕೆ ಸರಿ ಇತ್ತು. ಉದ್ದ ಎರಡು ಮಿಲಿಮೀಟರ್ ಕಡಿಮೆ. ಎರಡೇ ಮಿಲಿಮೀಟರ್ ಅನ್ನಬೇಡಿ, 72ರಿಂದ ಗುಣಿಸಿದರೆ ಹತ್ತಿರ ಹತ್ತಿರ ಅರ್ಧ ಅಡಿ. ಮೂತಿ ಮೊಂಡಾಗಿ ಕಾಣುತ್ತಿತ್ತು. ಕ್ಯಾನೊಪಿ, ಅಂದರೆ ಪೈಲಟ್ ತಲೆಯ ಮೇಲಿನ ಪಾರದರ್ಶಕ ಮುಚ್ಚಳ, ಕಪ್ಪೆಯ ಕಣ್ಣಿನ ಹಾಗೆ ಉಬ್ಬಿತ್ತು.

ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಒಂದು ಮಾರುತ್ ನಿಲ್ಲಿಸಿದ್ದಾರೆ. ಎರಡು ಸಲ ಹೋಗಿ ಪಕ್ಕದಿಂದ ಫೋಟೊ ತೆಗೆದುಕೊಂಡು ಬಂದಿದ್ದೆ. ಇಂಥ ಫೋಟೊ ಹತ್ತಿರ ನಿಂತು ತೆಗೆಯಬಾರದು, ಲೆನ್ಸ್‌ಗೆ ಹತ್ತಿರ ಇರುವ ಭಾಗ ದೊಡ್ಡದಾಗಿ ಬಂದು ಆಕಾರವೇ ಕೆಡುತ್ತದೆ. ಎಷ್ಟು ಸಾಧ್ಯವೋ ಅಷ್ಟು ದೂರ ಹೋಗಿ ಝೂಮ್ ಮಾಡಬೇಕು. ಆ ಫೋಟೊ ಮೇಲೆ ರಟ್ಟು ಕತ್ತರಿಸಿ ಅಚ್ಚು ಮಾಡಿಕೊಂಡೆ. ಕಾಕ್‌ಪಿಟ್ ಮುಂದಿನ ಪ್ಯಾನಲ್ ಗೆರೆಯ ಮೇಲೆ ಸಣ್ಣ ಗರಗಸ ಇಟ್ಟು ಮೂತಿ ಕತ್ತರಿಸಿ, ಮಧ್ಯೆ ಎರಡು ಮಿಲಿಮೀಟರ್ ಪ್ಲಾಸ್ಟಿಕ್ ಶೀಟ್ ಅಂಟಿಸಿ, ಅಚ್ಚು ಹಿಡಿದು ನೋಡುತ್ತಾ ಉಜ್ಜಿದೆ. ಕ್ಯಾನೊಪಿಗೆ ಮರದಲ್ಲಿ ಅಚ್ಚು ಕೆತ್ತಿ, ನೀರಿನ ಬಾಟಲಿಯ ಪ್ಲಾಸ್ಟಿಕ್ ಕಾಯಿಸಿ ಅದರ ಮೇಲೆ ಕೂರಿಸಿದೆ. ಎರಡು ಅಳತೆಯೂ ಕೂಡಿಬಂದವು. ಪಕ್ಕದಿಂದ ನೋಡಿದರೆ ಫೋಟೊ ಮತ್ತು ಮಾಡೆಲ್ ಒಂದೇ. ಇನ್ನು ಪ್ರೈಮರ್ ಹೊಡೆದರೆ ಆಯಿತು ಅಂತ ಇದ್ದೆ.

ಆಗ ಈ ಮಾತು. ಸೊಂಟ ಎಲ್ಲಪ್ಪಾ ಇದಕ್ಕೆ?

ಅವರು ಮಾಡೆಲ್‌ನ್ನು ಕೆಳಗಿಡಲಿಲ್ಲ. ರೆಕ್ಕೆ ಬಾಡಿಗೆ ಸೇರುವ ಜಾಗದಲ್ಲಿ, ಮೇಲ್ಗಡೆ, ಎರಡು ಹೆಬ್ಬೆರಳು ಇಟ್ಟು ಒತ್ತಿ ತೋರಿಸಿದರು. "ಇಲ್ಲಿ ಕೈ ಒಳಗೆ ಹೋಗಬೇಕು. ಮುಂದೆ ಗಾಳಿ ಬಾಯಿ ಅಗಲ, ಹಿಂದೆ ಎರಡು ಎಂಜಿನ್ ಪಕ್ಕಪಕ್ಕ, ಅಲ್ಲೂ ಅಗಲ. ಮಧ್ಯೆ ಹಿಂಗೆ ಹಿಡಿದ ಹಾಗೆ ಇರುತ್ತೆ. ನಿಂದು ನೆಟ್ಟಗೆ ಪೈಪ್ ಇದ್ದಂಗೆ ಇದೆ."

"ಅಂಕಲ್, ನಿಮಗೆ ಹೇಗೆ ಅಷ್ಟು ನೆನಪಿದೆ?"

"ನೆನಪಲ್ಲಪ್ಪ. ರಿವೆಟ್ ಹೊಡೆಯೋವಾಗ ಹೊರಗೆ ಒಬ್ಬ ಗನ್ ಹಿಡೀತಾನೆ, ಒಳಗೆ ಒಬ್ಬ ಡಾಲಿ ಅಂತ ಲೋಹದ ತುಂಡು ಒತ್ತಿ ಹಿಡೀಬೇಕು. ನಾನು ಆಗ ಸಣ್ಣಗಿದ್ದೆ, ಒಳಗೆ ನನ್ನನ್ನೇ ಕಳಿಸೋರು. ಎಲ್ಲಿ ಇರುಕು ಅಂತ ಮೈಗೇ ಗೊತ್ತಾಗ್ತಿತ್ತು."

ಅವರು ಕೆಲಸಕ್ಕೆ ಸೇರಿದ್ದು 1967ರಲ್ಲಂತೆ. ಮಾರುತ್ ವಾಯುಪಡೆಗೆ ಸೇರಿದ ವರ್ಷವೂ ಅದೇ. ಒಟ್ಟು 147 ವಿಮಾನ ಕಟ್ಟಿದ್ದರು, ಎರಡು ಸೀಟಿನವೂ ಸೇರಿ. ಅದರಲ್ಲಿ ಎಷ್ಟರ ಒಳಗೆ ಈ ಮನುಷ್ಯ ಕೂತಿದ್ದರೋ, ಕೇಳಬೇಕಿತ್ತು. ಗೆಳೆಯ ಚಪ್ಪಲಿ ಹಾಕಿಕೊಳ್ಳುತ್ತಿದ್ದ. ಹೋಗುವಾಗ ಅವರು ಬಾಗಿಲಲ್ಲಿ ನಿಂತು ಇನ್ನೊಂದು ಸಲ ಮೇಜಿನ ಕಡೆ ನೋಡಿದರು, ಅಷ್ಟೇ.

ರಾತ್ರಿ ನಿದ್ದೆ ಬರಲಿಲ್ಲ. ಆ ಸೊಂಟ ಯಾಕೆ ಇದೆ ಅಂತ ನಾನು ಓದಿದ್ದೆ. ವಿಮಾನ ಶಬ್ದದ ವೇಗದ ಹತ್ತಿರ ಹೋದಾಗ ಗಾಳಿಯ ತಡೆ ಒಮ್ಮೆಲೇ ಏರುತ್ತದೆ. ಅದು ಕಡಿಮೆ ಆಗಬೇಕಾದರೆ, ಮೂತಿಯಿಂದ ಬಾಲದವರೆಗೆ ಅಡ್ಡಲಾಗಿ ಕತ್ತರಿಸುತ್ತಾ ಹೋದರೆ ಸಿಗುವ ಬಿಲ್ಲೆಗಳ ಒಟ್ಟು ವಿಸ್ತೀರ್ಣ ಎಲ್ಲೂ ದಿಢೀರ್ ಅಂತ ಹೆಚ್ಚು ಕಡಿಮೆ ಆಗಬಾರದು. ರೆಕ್ಕೆ ಬರುವ ಜಾಗದಲ್ಲಿ ರೆಕ್ಕೆಯ ದಪ್ಪ ಸೇರುವುದರಿಂದ ಅಲ್ಲಿ ಬಾಡಿಯನ್ನು ಸಣ್ಣ ಮಾಡುತ್ತಾರೆ. 1956ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ವಿಮಾನ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಮತ್ತು ಅವರ ಜೊತೆ ದುಡಿದ ನಮ್ಮ ಎಂಜಿನಿಯರುಗಳು ಇದರ ಆಕಾರಕ್ಕೆ ಎಷ್ಟು ತಲೆ ಕೆಡಿಸಿಕೊಂಡಿದ್ದರು ಅಂದರೆ, ಲೋಹದ ವಿಮಾನಕ್ಕೂ ಮೊದಲು ಅದೇ ಅಳತೆಯ ಮರದ ಗ್ಲೈಡರ್ ಮಾಡಿ 1959ರಲ್ಲಿ ಹಾರಿಸಿ ನೋಡಿದ್ದರು. ಬೇಕಾದ ಎಂಜಿನ್ ಕೊನೆಗೂ ಸಿಗಲಿಲ್ಲ, ನ್ಯಾಟ್ ಅನ್ನೋ ಪುಟ್ಟ ಯುದ್ಧ ವಿಮಾನಕ್ಕೆ ಒಂದು ಹಾಕುತ್ತಿದ್ದ ಆರ್ಫಿಯಸ್ ಜಾತಿಯ ಎಂಜಿನ್ನನ್ನೇ ಇದಕ್ಕೆ ಎರಡು ಹಾಕಿದರು. ಅಂದುಕೊಂಡ ವೇಗ ಬರಲಿಲ್ಲ. ಆಕಾರ ಮಾತ್ರ ಅವರು ಅಂದುಕೊಂಡಂತೆಯೇ ಬಂತು. ಆ ಆಕಾರವನ್ನೇ ನಾನು ಪೈಪ್ ಮಾಡಿಟ್ಟಿದ್ದೆ.

ಓದಿ ಗೊತ್ತಿದ್ದೂ ಯಾಕೆ ಕಾಣಲಿಲ್ಲ? ನಾನು ನಂಬಿದ್ದು ಎರಡು ಅಳತೆಯನ್ನು. ಯಾವ ಪುಸ್ತಕ ತೆರೆದರೂ ಉದ್ದ, ರೆಕ್ಕೆ, ಹೆಚ್ಚೆಂದರೆ ಎತ್ತರ ಕೊಟ್ಟಿರುತ್ತಾರೆ. ನನ್ನ ಫೋಟೊಗಳೆಲ್ಲ ಪಕ್ಕದಿಂದ ತೆಗೆದವು. ಸೊಂಟ ಪಕ್ಕದಿಂದ ಕಾಣುವುದಿಲ್ಲ, ಮೇಲಿನಿಂದ ನೋಡಬೇಕು, ಇಲ್ಲವೇ ಅವರ ಹಾಗೆ ಬಾಲದಿಂದ.

ನನ್ನ ಅಪ್ಪ ಟೈಲರ್ ಆಗಿದ್ದರು. ಎದೆ, ಸೊಂಟ, ತೋಳು ಟೇಪಿನಲ್ಲಿ ಅಳೆದು ಚೀಟಿಯಲ್ಲಿ ಬರೆದ ಮೇಲೂ ಗಿರಾಕಿಯ ಎರಡೂ ಭುಜದ ಮೇಲೆ ಅಂಗೈ ಇಟ್ಟು ಒಂದು ಕ್ಷಣ ಸುಮ್ಮನೆ ನಿಲ್ಲುತ್ತಿದ್ದರು. ಭುಜದ ಇಳಿಜಾರು ಟೇಪಿಗೆ ಸಿಗಲ್ಲ ಅನ್ನುತ್ತಿದ್ದರು. ಕೈಗೆ ಗೊತ್ತಾಗಿದ್ದನ್ನು ಕತ್ತರಿಗೆ ಹೇಗೆ ಹೇಳುತ್ತಿದ್ದರು ಅಂತ ನಾನು ಒಮ್ಮೆಯೂ ಕೇಳಲಿಲ್ಲ. ಅವರು ಹೋಗಿ ಹನ್ನೊಂದು ವರ್ಷವಾಯಿತು. ಭಾನುವಾರ ರಾತ್ರಿ ಇದು ನೆನಪಾದ ಮೇಲೆ ಗೆಳೆಯನ ಮೇಲಿನ ಸಿಟ್ಟು ಅರ್ಧಕ್ಕರ್ಧ ಇಳಿಯಿತು.

ಮಂಗಳವಾರ ಅರ್ಧ ದಿನ ರಜೆ ಹಾಕಿ ಮತ್ತೆ ಕಸ್ತೂರಬಾ ರಸ್ತೆಗೆ ಹೋದೆ. ಈ ಸಲ ಬಾಲದ ಹಿಂದೆ ನಿಂತೆ, ಒಂದು ಕಣ್ಣು ಮುಚ್ಚಿದೆ. ಇತ್ತು. ಎಂಜಿನ್ ಕಡೆಯಿಂದ ಬಾಡಿ ಮೆಲ್ಲಗೆ ಒಳಗೆ ಸರಿದು, ರೆಕ್ಕೆಯ ಬುಡದಲ್ಲಿ ಹಿಡಿಕಟ್ಟಾಗಿ, ಗಾಳಿ ಬಾಯಿಯ ಹತ್ತಿರ ಮತ್ತೆ ಹರಡುತ್ತದೆ. ಎರಡು ಸಲ ಬಂದು ಇದನ್ನು ನೋಡದೆ ಹೋಗಿದ್ದೆನಲ್ಲ ಅಂತ ತುಂಬಾ ಬೇಜಾರಾಯಿತು. ಪಕ್ಕದಲ್ಲಿ ಶಾಲೆ ಮಕ್ಕಳ ಗುಂಪೊಂದು ಸೆಲ್ಫಿ ತೆಗೆಯುತ್ತಿತ್ತು. ಒಬ್ಬ ಹುಡುಗ ನನ್ನನ್ನು ನೋಡಿ ತಾನೂ ಬಂದು ಕಣ್ಣು ಮುಚ್ಚಿ ನಿಂತ. ಏನು ಕಾಣುತ್ತೆ ಅಂದೆ. "ಮಧ್ಯೆ ತೆಳ್ಳಗಿದೆ ಅಂಕಲ್" ಅಂದ.

ಫೋಟೊದಿಂದ ಲೆಕ್ಕ ಹಾಕಿದರೆ ನನ್ನ ಮಾಡೆಲ್‌ನಲ್ಲಿ ಆ ಜಾಗ ಪ್ರತಿ ಕಡೆ ಒಂದೂವರೆ ಮಿಲಿಮೀಟರ್ ಒಳಗೆ ಹೋಗಬೇಕು. ಕಿಟ್‌ನ ಪ್ಲಾಸ್ಟಿಕ್ ಇರುವುದೇ ಒಂದು ಮಿಲಿಮೀಟರ್ ದಪ್ಪ. ಸುಮ್ಮನೆ ಉಜ್ಜಿದರೆ ತೂತು ಬೀಳುತ್ತದೆ. ಅಂಟಿಸಿದ ರೆಕ್ಕೆಗಳು ಇದ್ದರೆ ಕೈ ಆಡುವುದಿಲ್ಲ. ಮಂಗಳವಾರ ರಾತ್ರಿ ಎರಡೂ ರೆಕ್ಕೆ ಗರಗಸದಲ್ಲಿ ಕತ್ತರಿಸಿದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ನಾಲ್ಕು ತಿಂಗಳು ಅಲ್ವಾ?" ಅಂದಳು. ಹೌದು ಅಂದೆ. ಅವಳು ಟೇಬಲ್ ಲ್ಯಾಂಪನ್ನು ನನ್ನ ಕಡೆ ತಿರುಗಿಸಿ ಹೋದಳು.

ರೆಕ್ಕೆ ಕಿತ್ತ ತೂತಿನಿಂದ ಎಂ-ಸೀಲ್ ಕಲಸಿ ಒಳಗಡೆ ದಪ್ಪಗೆ ಮೆತ್ತಿದೆ. ಒಂದು ದಿನ ಒಣಗಲು ಬಿಟ್ಟು ಬುಧವಾರ ರಾತ್ರಿ ಮೊದಲು ಅರ, ಆಮೇಲೆ 400ರ ವಾಟರ್ ಪೇಪರ್. ಪ್ಲಾಸ್ಟಿಕ್ ಸವೆದು ಹೋಗಿ ಎಂ-ಸೀಲ್ ಕಾಣಿಸಿತು, ಅದನ್ನೂ ಉಜ್ಜಿದೆ. ಇಲ್ಲಿ ಇನ್ನೊಂದು ತೊಡಕು. ಬಾಡಿ ಸಣ್ಣದಾದರೆ ರೆಕ್ಕೆಯ ಬುಡ ಅಷ್ಟು ಒಳಗೆ ಸರಿಯುತ್ತದೆ, 125 ಇದ್ದದ್ದು 122 ಆಗುತ್ತದೆ. ಹಾಗಾಗಿ ಪ್ರತಿ ರೆಕ್ಕೆಯ ಬುಡಕ್ಕೂ ಒಂದೂವರೆ ಮಿಲಿಮೀಟರ್ ಪಟ್ಟಿ ಅಂಟಿಸಿ, ಬಾಡಿಯ ಬಾಗಿಗೆ ಹೊಂದುವ ಹಾಗೆ ಉಜ್ಜಬೇಕು. ಅಳಿಸಿಹೋದ ಪ್ಯಾನಲ್ ಗೆರೆಗಳನ್ನು ಮತ್ತೆ ಸೂಜಿಯಲ್ಲಿ ಕೊರೆಯಬೇಕು.

ಮಾಡೆಲ್ ಕಟ್ಟುವ ನಮ್ಮ ಗುಂಪಿನ ಒಬ್ಬರಿಗೆ ಹೇಳಿದೆ. "ಶೋಕೇಸಿನಲ್ಲಿ ಇಟ್ಟ ಮೇಲೆ ಯಾರು ನೋಡ್ತಾರೆ ಸರ್, ಮಾರುತ್ ಅಂತ ಗೊತ್ತಾದರೆ ಸಾಕಲ್ವಾ" ಅಂದರು. ಅವರು ಡಬ್ಬದಲ್ಲಿ ಇದ್ದದ್ದನ್ನು ಇದ್ದ ಹಾಗೆ ಕಟ್ಟುತ್ತಾರೆ, ವರ್ಷಕ್ಕೆ ಹತ್ತು ಮುಗಿಸುತ್ತಾರೆ, ಖುಷಿಯಾಗಿರುತ್ತಾರೆ. ಅದರಲ್ಲಿ ತಪ್ಪಿಲ್ಲ. ಒಂದು ಚೂರು ಪ್ಲಾಸ್ಟಿಕ್ ಕತ್ತರಿಸದೆ ಬೇರೆಯವರ ಮಾಡೆಲ್‌ನಲ್ಲಿ ತಪ್ಪು ಎಣಿಸುವವರಿಗಿಂತ ಅವರು ನೂರು ಪಾಲು ವಾಸಿ. ಆದರೆ ನನ್ನದನ್ನು ನೋಡುವವರು ಒಬ್ಬರು ಇದ್ದಾರೆ. ಮದುವೆ ಇನ್ನು ಮೂರು ವಾರಕ್ಕೆ. ಅಷ್ಟರೊಳಗೆ ಪೂರ್ತಿ ಮುಗಿಯಲ್ಲ, ಬಣ್ಣ ಇಲ್ಲದಿದ್ದರೂ ಪರವಾಗಿಲ್ಲ, ಒಂದು ಶೂ ಡಬ್ಬದಲ್ಲಿ ಹತ್ತಿ ಹಾಕಿ ಛತ್ರಕ್ಕೆ ತೆಗೆದುಕೊಂಡು ಹೋಗುತ್ತೇನೆ. ಎಷ್ಟು ವಿಮಾನದ ಒಳಗೆ ಕೂತಿದ್ದಿರಿ ಅಂತ ಕೇಳಬೇಕು. ಪಕ್ಕದಲ್ಲಿ ಗೆಳೆಯನನ್ನೂ ಕೂರಿಸಿಕೊಂಡು ಕೇಳಬೇಕು.

ಈಗಷ್ಟೇ ಬಾಡಿಗೆ ತೆಳ್ಳಗೆ ಪ್ರೈಮರ್ ಹೊಡೆದು, ಒಣಗಿದ ಮೇಲೆ ಬಾಲ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದೆ. ಎಡಗಡೆ ಹೆಬ್ಬೆರಳು ಒಳಗೆ ಹೋಗುತ್ತದೆ. ಬಲಗಡೆ ಇನ್ನೂ ಅರ್ಧ ಮಿಲಿಮೀಟರ್ ಉಳಿದಿದೆ.