ಕೊಕ್ಕಿಗೆ ಹೊಸ ಚರ್ಮ

ನವೆಂಬರ್ 12, 2025, ಬುಧವಾರ
ವಿಯೆನ್ನಾ

ಬೆಳಿಗ್ಗೆಯೇ ಒಂದು ಎಡವಟ್ಟು. ರಿಪೇರಿಗೆ ಬಂದ ಹಳೇ ಪಿಯಾನೋದ ಸುತ್ತಿಗೆ ಬಿಚ್ಚುವಾಗ ಹಿತ್ತಾಳೆಯ ಕವೆಯನ್ನು ಕೂದಲೆಳೆಯಷ್ಟು ಜಾಸ್ತಿ ಅಗಲಿಸಿಬಿಟ್ಟೆ. ಮತ್ತೆ ಕೂರಿಸಿದರೆ ಸುತ್ತಿಗೆ ಲೊಡಲೊಡ ಅನ್ನುತ್ತಿದೆ. ವರ್ಕ್‌ಶಾಪಿನ ಯಜಮಾನರು ಕನ್ನಡಕದ ಮೇಲಿಂದ ನೋಡಿದರು, ಏನೂ ಅನ್ನಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಬಂದಿರುವುದು 1880ರ ದಶಕದ ಬೋಸೆಂಡಾರ್ಫರ್ ಕಂಪನಿಯ ಗ್ರ್ಯಾಂಡ್ ಪಿಯಾನೋ. 85 ಕೀಗಳು, ವಿಯೆನ್ನಾ ಆಕ್ಷನ್. ಕೀ ಒತ್ತಿದರೆ ಸುತ್ತಿಗೆಯನ್ನು ತಂತಿಗೆ ಬಡಿಸುವ ಯಂತ್ರಭಾಗಕ್ಕೆ ಆಕ್ಷನ್ ಅಂತಾರೆ. ಈಗಿನ ಪಿಯಾನೋದಲ್ಲಿ ಸುತ್ತಿಗೆಗಳೆಲ್ಲ ಬೇರೆಯೇ ಒಂದು ಪಟ್ಟಿಗೆ ಕೂತಿರುತ್ತವೆ, ಕೀ ಕೆಳಗಿನಿಂದ ತಳ್ಳುತ್ತದೆ ಅಷ್ಟೆ. ಇದರಲ್ಲಿ ಸುತ್ತಿಗೆ ಕೀ ಬೆನ್ನ ಮೇಲೇ ಸವಾರಿ ಮಾಡುತ್ತದೆ. ಮುಖವೂ ಉಲ್ಟಾ, ನುಡಿಸುವವರ ಕಡೆಗೆ. ಕೀಗೆ ಸಿಕ್ಕಿಸಿದ ಹಿತ್ತಾಳೆ ಕವೆಯ ಎರಡು ಕಾಲುಗಳ ನಡುವೆ, ಸೂಜಿಮೊನೆಯಂಥ ಅಚ್ಚಿನ ಮೇಲೆ ಅದು ತೂಗುತ್ತದೆ. ನಾನು ಹಾಳುಮಾಡಿದ್ದು ಆ ಕವೆಯನ್ನೇ.

ಸುತ್ತಿಗೆಯ ಬಾಲಕ್ಕೆ ಒಂದು ಪುಟ್ಟ ಕೊಕ್ಕಿದೆ. ಹಿಂದೆ ಸ್ಪ್ರಿಂಗ್ ಇರುವ ಮರದ ತುಂಡೊಂದು ನೆಟ್ಟಗೆ ನಿಂತಿರುತ್ತದೆ, ಅದರಲ್ಲಿ ಕೊರೆದ ಕಚ್ಚಿಗೆ ಕೊಕ್ಕು ಸಿಕ್ಕಿಕೊಳ್ಳುತ್ತದೆ. ಕೀ ಒತ್ತಿದರೆ ಕೀಯ ಹಿಂಭಾಗ ಸುತ್ತಿಗೆಯನ್ನೂ ಹೊತ್ತು ಮೇಲೇಳುತ್ತದೆ, ಆದರೆ ಕೊಕ್ಕು ಏಳುವ ಹಾಗಿಲ್ಲ. ಏತದ ಬಾಲ ಅದುಮಿದರೆ ತಲೆ ಏಳುತ್ತಲ್ಲ, ಹಾಗೆ ಸುತ್ತಿಗೆ ತಲೆ ಮೇಲಕ್ಕೆ ಚಿಮ್ಮುತ್ತದೆ. ತಂತಿಗೆ ತಾಗುವ ಸ್ವಲ್ಪ ಮುಂಚೆ ಆ ತುಂಡು ಹಿಂದಕ್ಕೆ ವಾಲಿ ಕೊಕ್ಕನ್ನು ಬಿಟ್ಟುಬಿಡುತ್ತದೆ. ಇಷ್ಟೇ. ಆಮೇಲಿನದು ಸುತ್ತಿಗೆಯ ಪಾಡು.

ಕೊಕ್ಕಿಗೆ ಹೊದಿಸಿದ ಚರ್ಮ ಹಳೇ ಚಪ್ಪಲಿ ಅಟ್ಟೆಯ ಹಾಗೆ ಗಟ್ಟಿಯಾಗಿದೆ. ಬಿಚ್ಚುವುದೇ ಒಂದು ಕೆಲಸ. ಹಳೇ ಕಾಲದ ಅಂಟಾದರೆ, ನಮ್ಮೂರ ಬಡಗಿಗಳು ವಜ್ರ ಅಂತಿದ್ದರಲ್ಲ, ಅದು, ಸ್ವಲ್ಪ ಬಿಸಿ, ಸ್ವಲ್ಪ ತೇವ ಕೊಟ್ಟರೆ ತಾನೇ ಬಿಟ್ಟುಕೊಡುತ್ತದೆ. ಆದರೆ ನಡುವೆ ಯಾರೋ ಪುಣ್ಯಾತ್ಮರು ಅರ್ಧ ಕೀಗಳಿಗೆ ಬಿಳಿ ಫೆವಿಕಾಲ್ ಥರದ್ದು ಬಳಿದಿದ್ದಾರೆ. ಅದನ್ನು ಮರಕ್ಕೆ ನೋವಾಗದ ಹಾಗೆ ಕೆರೆಯಬೇಕು. ಸಂಜೆಗೆ ಆಗಿದ್ದು ಹನ್ನೊಂದು ಕೊಕ್ಕು.

ಹೊಸ ಚರ್ಮದ ದಪ್ಪದಲ್ಲೇ ಎಲ್ಲ ಇದೆ. ದಪ್ಪ ಜಾಸ್ತಿಯಾದರೆ ಕೊಕ್ಕು ಬೇಗ ಬಿಡಿಸಿಕೊಳ್ಳುವುದಿಲ್ಲ, ಸುತ್ತಿಗೆ ತಂತಿಗೇ ಒತ್ತಿಕೊಂಡು ನಿಂತು ಸದ್ದು ಸಾಯುತ್ತದೆ. ತೆಳುವಾದರೆ ಬೇಗ ಜಾರಿ, ಒತ್ತಿದ ಬಲ ಅರ್ಧದಾರಿಯಲ್ಲೇ ಖರ್ಚಾಗುತ್ತದೆ. ನಮ್ಮ ಸೋದರಮಾವ ತಂಬೂರಿಗೆ ಜೀವಾಳ ಇಡುವಾಗ ದಾರವನ್ನು ಒಂದು ಚೂರು ಹಿಂದೆ, ಒಂದು ಚೂರು ಮುಂದೆ ಮಾಡುತ್ತಾ ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಚಿಕ್ಕವಳಿದ್ದಾಗ ನಗು ಬರುತ್ತಿತ್ತು. ಈಗ ನನ್ನ ಮುಖವೂ ಹಾಗೇ ಇರುತ್ತೇನೋ.

ಮಧ್ಯಾಹ್ನ ಪಿಯಾನೋ ಮನೆಯವರ ಮಗ ಬಂದಿದ್ದ. ಇದನ್ನು ತೆಗೆದು ಈಗಿನ ಆಕ್ಷನ್ ಹಾಕಬಹುದಲ್ವಾ, ಇದು ನಿಧಾನ ಅಂತಾರಲ್ಲ ಎಂದು ಕೇಳಿದ. ನಿಧಾನ ಅನ್ನುವುದು ಪೂರ್ತಿ ಸುಳ್ಳಲ್ಲ. 1821ರಲ್ಲಿ ಎರಾರ್ ಅನ್ನೋ ಪಿಯಾನೋ ತಯಾರಕರು ಪೇಟೆಂಟ್ ಪಡೆದ ಆಕ್ಷನ್‌ನಲ್ಲಿ ಕೀ ಪೂರ್ತಿ ಮೇಲೆ ಬರುವ ಮುಂಚೆಯೇ ಮತ್ತೆ ಒತ್ತಬಹುದು. ಇಲ್ಲಿ ಹೆಚ್ಚುಕಡಿಮೆ ಪೂರ್ತಿ ಬರಬೇಕು, ಇಲ್ಲದಿದ್ದರೆ ಕೊಕ್ಕು ಮತ್ತೆ ಸಿಕ್ಕಿಕೊಳ್ಳುವುದಿಲ್ಲ. ಆದರೆ ಜನ ಹೇಳುವ ದೂರಿನಲ್ಲಿ ಅರ್ಧ ಈ ಒಣ ಚರ್ಮದ್ದು, ಸೋತ ಸ್ಪ್ರಿಂಗಿನದು. ಸಂಗೀತ ರಚನೆಕಾರ ಬ್ರಾಮ್ಸ್ ಮನೆಯಲ್ಲಿ ಕೊನೆಯವರೆಗೂ ಇದ್ದದ್ದು ಇದೇ ಥರದ ಆಕ್ಷನ್‌ನ ಶ್ಟ್ರೈಖರ್ ಪಿಯಾನೋ, 1868ರಲ್ಲಿ ಮಾಡಿದ್ದು. ಅವರಿಗೇನೂ ನಿಧಾನ ಆಗಲಿಲ್ಲ. ಆಕ್ಷನ್ ಬದಲಿಸುವುದು ರುಬ್ಬುಗುಂಡಿಗೆ ಮೋಟರ್ ಕಟ್ಟಿದ ಹಾಗೆ ಅಂತ ಹೇಳಬೇಕು ಅನ್ನಿಸಿತು. ಜರ್ಮನ್‌ನಲ್ಲಿ ರುಬ್ಬುಗುಂಡಿಗೆ ಏನಂತಾರೋ! ಸುಮ್ನಾದೆ. ಹೊಸ ಚರ್ಮ ಹಾಕಿದ ಒಂದು ಕೀಯನ್ನೂ ಹಾಕದ ಒಂದನ್ನೂ ಬೆಂಚಿನ ಮೇಲಿಟ್ಟು ಒತ್ತಿ ನೋಡು ಎಂದೆ. ಅವನು ಮೂರ್ನಾಲ್ಕು ಸಲ ಒತ್ತಿ, ಫೋಟೋ ತೆಗೆದುಕೊಂಡು ಹೋದ.

ಹೋಗುವಾಗ ಸೌಂಡ್‌ಬೋರ್ಡಿನ, ಅಂದರೆ ತಂತಿಯ ಸದ್ದನ್ನು ದೊಡ್ಡದು ಮಾಡುವ ಹಲಗೆಯ, ಬಿರುಕು ನೋಡಿ ಗಾಬರಿಯಾಗಿದ್ದ. ಇಲ್ಲಿ ಹೀಟರ್ ಹಾಕಿದ ಮೇಲೆ ಗಾಳಿ ಒಣಗುತ್ತದೆ, ಹಳೇ ಸ್ಪ್ರೂಸ್ ಹಲಗೆ ಬಾಯಿಬಿಡುತ್ತದೆ. ಸೀಳಿಗೆ ಅದೇ ಮರದ ತೆಳು ಪಟ್ಟಿ ಸೇರಿಸಿ ಅಂಟಿಸಿದರಾಯಿತು. ಈ ಆಕ್ಷನ್‌ಗೆ ಒಂದು ರೂಪ ಕೊಟ್ಟ ಆಗ್ಸ್‌ಬರ್ಗ್‌ನ ಪಿಯಾನೋ ತಯಾರಕ ಶ್ಟೈನ್ ಬೇಕಂತಲೇ ಹಲಗೆ ಬಿರುಕು ಬಿಡಿಸುತ್ತಿದ್ದನಂತೆ! ಬಿಸಿಲು, ಮಳೆ, ಹಿಮ ಎಲ್ಲಕ್ಕೂ ಇಟ್ಟು, ಬಿರುಕಿಗೆ ಬೆಣೆ ಸೇರಿಸಿ ಅಂಟಿಸಿದರೆ ಇನ್ನು ಏನೂ ಆಗಲ್ಲ ಅಂತ. 1777ರ ಅಕ್ಟೋಬರ್‌ನಲ್ಲಿ ಮೊಟ್ಸಾರ್ಟ್ ಅಪ್ಪನಿಗೆ ಬರೆದ ಕಾಗದದಲ್ಲಿ ಇದೆ. ಅವನ ಅಂಥ ಪಿಯಾನೋದ ಬೆಲೆ 300 ಗುಲ್ಡನ್‌ಗೆ (ಆಗಿನ ನಾಣ್ಯ) ಕಡಿಮೆ ಇಲ್ಲ ಅಂತಲೂ ಇದೆ.

ಆ ಶ್ಟೈನ್‌ನ ಮಗಳು ನಾನೆಟ್ 1794ರಲ್ಲಿ ವಿಯೆನ್ನಾಗೆ ಬಂದು ಪಿಯಾನೋ ಕಾರ್ಖಾನೆ ನಡೆಸಿದಳು. ಸಾಲದ್ದಕ್ಕೆ ಬೇಥೋವನ್ ಮನೆಯ ಅಡುಗೆಯವರು, ಕೆಲಸದವರ ತಾಪತ್ರಯವನ್ನೂ ನೋಡಿಕೊಳ್ಳುತ್ತಿದ್ದಳು. ಹೆಂಗಸರ ಹಣೆಬರಹ ಎಲ್ಲಿ ಹೋದರೂ ಅಷ್ಟೇ ನೋಡಿ.

ಅಮ್ಮ ಫೋನ್ ಮಾಡಿದ್ದಳು. "ಏನೇ, ಇನ್ನೂ ಅದೇ ಪಿಯಾನೋನಾ?" ಹೌದಮ್ಮಾ, ಇನ್ನೂ 74 ಕೊಕ್ಕು ಬಾಕಿ ಎಂದೆ. "ಕೋಳಿ ಏನಾದ್ರೂ ಸಾಕ್ತಿದ್ದೀಯಾ?" ಅಂದಳು.

ಸಂಜೆ ಹೊರಡುವ ಮುಂಚೆ ಯಜಮಾನರು ಒಂದು ಹಳೇ ಬಿಸ್ಕತ್ತಿನ ಡಬ್ಬ ತಂದು ನನ್ನ ಬೆಂಚಿನ ಮೇಲಿಟ್ಟರು. ಒಳಗೆ ಬೇರೆ ಪಿಯಾನೋಗಳಿಂದ ಬಿಚ್ಚಿದ ಹಿತ್ತಾಳೆ ಕವೆಗಳು, ಮೂವತ್ತೋ ನಲವತ್ತೋ. ಕೋಟು ಹಾಕಿಕೊಂಡು ಟ್ರಾಮಿಗೆ ನಡೆದೇಬಿಟ್ಟರು. ಹುಡುಕಿದೆ. ಅಳತೆಗೆ ಸರಿಯಾಗಿ ಒಂದು ಸಿಕ್ಕಿತು. ಕಾಲುಗಳು ಸ್ವಲ್ಪ ಕಪ್ಪಾಗಿವೆ, ಬಿಗಿ ಚೆನ್ನಾಗಿದೆ. ಅಗಲಿಸಲು ಧೈರ್ಯ ಸಾಲದೆ ನಾಳೆಗೆ ಇಟ್ಟು ಬಂದೆ.