ಐದು ಕಾರ್ಡು, ಒಂದೂ ಟಿಕೆಟ್ ಇಲ್ಲ

ಹೋದ ವಾರ ಒಂದು ಇಮೇಲ್ ಬಂತು. ನಿಮ್ಮ ಖಾತೆಯಲ್ಲಿದ್ದ 23,400 ಮೈಲ್ಸ್ ಅವಧಿ ಮುಗಿದು ರದ್ದಾಗಿವೆ, ಬೇಗ ನಮ್ಮ ವಿಮಾನ ಹತ್ತಿ ಎಂದು ವಿಮಾನ ಕಂಪನಿಯವರು ಬರೆದಿದ್ದರು. ಮೈಲ್ಸ್ ಅಂದರೆ ವಿಮಾನ ಹತ್ತಿದಾಗೆಲ್ಲ ಕಂಪನಿ ಕೊಡುವ ಅಂಕ, ಸಾಕಷ್ಟು ಕೂಡಿದರೆ ಅದರಲ್ಲೇ ಟಿಕೆಟ್ ತೆಗೆಯಬಹುದು. ಕೆಳಗೆ ನಗುತ್ತಿರುವ ಸಂಸಾರದ ಚಿತ್ರ ಬೇರೆ! ಒಂದೂವರೆ ವರ್ಷ ಆ ಖಾತೆಯನ್ನು ಮುಟ್ಟದೇ ಇದ್ದದ್ದು ನನ್ನ ತಪ್ಪು.

ಸಿಟ್ಟಿಗೆ ಡ್ರಾಯರ್ ಎಳೆದು ಉಳಿದ ವಿಮಾನ ಕಂಪನಿಗಳ ಮೆಂಬರ್‌ಶಿಪ್ ಕಾರ್ಡುಗಳನ್ನೆಲ್ಲ ಮೇಜಿನ ಮೇಲೆ ಸುರಿದೆ. ಮಗಳು ಇಸ್ಪೀಟಿನ ಎಲೆಗಳ ಹಾಗೆ ಜೋಡಿಸಿದಳು.

"ಅಮ್ಮಾ, ಐದಿದೆ. ಎಲ್ಲಾ ಸೇರಿಸಿದ್ರೆ ಅಜ್ಜಿ ಮನೆಗೆ ಹೋಗಬಹುದಲ್ವಾ?"

"ಸೇರಿಸೋ ಹಾಗಿಲ್ಲ ಪುಟ್ಟಿ. ಒಂದರದ್ದು ಇನ್ನೊಂದಕ್ಕೆ ಆಗಲ್ಲ."

"ಮತ್ತೆ ಐದು ಯಾಕೆ ಇಟ್ಕೊಂಡಿದ್ದೀಯ?"

ಏನು ಹೇಳಲಿ? ನಾವು ವರ್ಷಕ್ಕೆ ಒಂದು ಸಲ ಊರಿಗೆ ಹೋಗುವ ಜನ. ಪ್ರತಿ ಸಲ ಯಾವುದು ಅಗ್ಗವೋ ಅದೇ ಟಿಕೆಟ್. ಪ್ರತಿ ಸಲ ಹೊಸ ಕಂಪನಿ, ಹೊಸ ಮೆಂಬರ್‌ಶಿಪ್. ಸೇರುವುದಕ್ಕೆ ಕಾಸಿಲ್ಲವಲ್ಲ, ಸುಮ್ನೆ ಸೇರಿಬಿಡುವುದು. ಎಲ್ಲ ಕಡೆ ಚೂರು ಚೂರು, ಎಲ್ಲೂ ಟಿಕೆಟ್ಟಿಗೆ ಸಾಲುವಷ್ಟಿಲ್ಲ.

ಒಂದು ಕಾರ್ಡಿನ ಕಥೆ ಇನ್ನೂ ಚೆನ್ನಾಗಿದೆ. ಮೇಲಿನ ಮನೆಯವರು ಕೆಲಸದ ಮೇಲೆ ವಾರಕ್ಕೆರಡು ಸಲ ಹಾರುವವರು. ಗೋಲ್ಡ್ ಕಾರ್ಡು, ಲೌಂಜಿನಲ್ಲಿ ಊಟ, ಲಗೇಜಿಗೆ ಜಾಸ್ತಿ ತೂಕ. ಅವರನ್ನು ನೋಡಿ ನಾನೂ ಅದೇ ಪ್ರೋಗ್ರಾಂ ಸೇರಿದೆ. ಆ ಕಂಪನಿಯ ವಿಮಾನ ನಮ್ಮ ಊರಿನ ದಿಕ್ಕಿಗೇ ಹೋಗುವುದಿಲ್ಲ! ಬೆಳ್ಳಿ, ಬಂಗಾರದ ದರ್ಜೆಯ ಲೆಕ್ಕ ಸಾಮಾನ್ಯವಾಗಿ ವರ್ಷ ವರ್ಷ ಸೊನ್ನೆಯಿಂದ ಶುರು. ವರ್ಷಕ್ಕೊಂದು ಸಲ ಹೋಗಿಬರುವವರಿಗೆ ಅದು ಕನಸಿನ ಮಾತು.

ಆ ರಾತ್ರಿ ಕೂತು ನಿಯಮಗಳನ್ನು ಓದಿದೆ, ಸೇರುವ ಮುಂಚೆ ಓದಬೇಕಾಗಿದ್ದವು. ನಮ್ಮಂಥವರು ಮೊದಲು ನೋಡಬೇಕಾದ್ದು ಮೈಲ್ಸ್ ಎಷ್ಟು ದಿನ ಬದುಕುತ್ತವೆ ಎಂದು. ಸಿಂಗಪುರ್ ಏರ್‌ಲೈನ್ಸ್‌ನ ಮೈಲ್ಸ್ ಯೋಜನೆ ಕ್ರಿಸ್‌ಫ್ಲೈಯರ್‌ನಲ್ಲಿ ಮೂರು ವರ್ಷ. ಡೆಲ್ಟಾ, ಯುನೈಟೆಡ್‌ನಲ್ಲಿ ಅವಧಿಯೇ ಇಲ್ಲ. ಆಮೇಲೆ ನೋಡಬೇಕಾದ್ದು ಯಾರು ಯಾರ ಜೊತೆಗಿದ್ದಾರೆ ಎಂದು. ವಿಮಾನ ಕಂಪನಿಗಳ ದೊಡ್ಡ ಗುಂಪುಗಳು ಮೂರು: 1997ರಲ್ಲಿ ಸ್ಟಾರ್ ಅಲಯನ್ಸ್, 1999ರಲ್ಲಿ ಒನ್‌ವರ್ಲ್ಡ್, 2000ದಲ್ಲಿ ಸ್ಕೈಟೀಮ್ ಹುಟ್ಟಿದವು. ಗುಂಪಿನ ಒಂದು ವಿಮಾನ ಹತ್ತಿ, ಇನ್ನೊಂದು ಕಂಪನಿಯ ಖಾತೆಗೆ ಮೈಲ್ಸ್ ಹಾಕಿಸಬಹುದು. ಏರ್ ಇಂಡಿಯಾ 2014ರಿಂದ ಸ್ಟಾರ್ ಅಲಯನ್ಸ್‌ನಲ್ಲಿದೆ. ಎಮಿರೇಟ್ಸ್ ಮೂರರಲ್ಲೂ ಇಲ್ಲ. ಹಾಗಾಗಿ ಯಾವಾಗಲೂ ಅದರಲ್ಲೇ ಓಡಾಡುವವರಿಗೆ ಅದರದ್ದೇ ಸ್ಕೈವರ್ಡ್ಸ್ ಸರಿ. ನಾನು ಇಷ್ಟು ವರ್ಷ ಒಂದೇ ಗುಂಪಿನ ಮೂರು ಕಂಪನಿಗಳಲ್ಲಿ ಮೂರು ಖಾತೆ ತೆರೆದಿದ್ದೆ!

ಅಗ್ಗದ ಟಿಕೆಟ್ಟಿನ ಗುಟ್ಟೂ ಗೊತ್ತಾಯಿತು. ಟಿಕೆಟ್ ಮೇಲೆ ಒಂದು ಇಂಗ್ಲಿಷ್ ಅಕ್ಷರ ಇರುತ್ತದಲ್ಲ, ಬುಕಿಂಗ್ ಕ್ಲಾಸ್, ಕೆಲವು ಕಂಪನಿಗಳು ಅದನ್ನು ನೋಡಿ ಮೈಲ್ಸ್ ಕೊಡುತ್ತವೆ. ತೀರಾ ಅಗ್ಗದ ಅಕ್ಷರಕ್ಕೆ ಕೆಲವು ಕಡೆ ಹಾರಿದ ದೂರದ ಕಾಲು ಭಾಗ, ಕೆಲವಕ್ಕೆ ಏನೂ ಇಲ್ಲ. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ಮೈಲ್ಸ್ ಯೋಜನೆಯನ್ನು ಶುರು ಮಾಡಿದಾಗ ಹಾರಿದ ದೂರಕ್ಕೆ ಮೈಲ್ಸ್ ಸಿಗುತ್ತಿತ್ತು. ಈಗ ಎಷ್ಟೋ ಕಂಪನಿಗಳು ಕೊಟ್ಟ ದುಡ್ಡಿಗೆ ಕೊಡುತ್ತವೆ. ಹೆಸರಿಗಷ್ಟೇ ಮೈಲಿ.

ಊರಲ್ಲಿ ಕೆಲವರು ಹೇಳುತ್ತಾರೆ, "ನಿಮಗೇನು ಬಿಡಿ, ಮೈಲ್ಸಲ್ಲಿ ಫ್ರೀಯಾಗಿ ಬರ್ತೀರಿ." ಮೈಲ್ಸ್ ಟಿಕೆಟ್ಟಿಗೂ ತೆರಿಗೆ ಕಟ್ಟಬೇಕು, ಶಾಲೆಯ ರಜೆಯಲ್ಲಿ ಸೀಟು ಸಿಗುವುದೇ ಕಷ್ಟ ಎಂದು ಮೊದಲೆಲ್ಲ ವಿವರಿಸುತ್ತಿದ್ದೆ. ಈಗ ನಕ್ಕು ಸುಮ್ಮನಾಗುತ್ತೇನೆ.

ನಾಲ್ಕು ವರ್ಷದ ಹಿಂದೆ ಅಪ್ಪನಿಗೆ ಹುಷಾರಿಲ್ಲ ಎಂದು ರಾತ್ರಿ ಎರಡು ಗಂಟೆಗೆ ಫೋನ್ ಬಂದಿತ್ತು. ಮಾರನೇ ದಿನದ ಟಿಕೆಟ್ಟಿನ ದರ ಮೂರು ಪಟ್ಟಾಗಿತ್ತು. ಅದೇ ವಿಮಾನದಲ್ಲಿ ಮೈಲ್ಸ್‌ಗೆ ಕೊಡುವ ಸೀಟೂ ಖಾಲಿ ಇತ್ತು. ಒಂದೊಂದೇ ಖಾತೆ ತೆರೆದು ನೋಡಿದೆ. ಎಲ್ಲಾ ಒಂದೇ ಕಡೆ ಇದ್ದಿದ್ದರೆ ಮಗಳಿಗೂ ಸೀಟು ಸಿಗುತ್ತಿತ್ತು. ದುಡ್ಡು ಕೊಟ್ಟು ಒಬ್ಬಳೇ ಹೋದೆ. ಅವಳು ತಾತನನ್ನು ಕೊನೆಗೆ ನೋಡಿದ್ದು ಫೋನಿನಲ್ಲಿ.

ಈಗ ಒಂದನ್ನೇ ಇಟ್ಟುಕೊಂಡಿದ್ದೇನೆ, ಅವಧಿ ಇಲ್ಲದ್ದು. ಖಾತೆಗೆ ಹಾಕಿಸದೆ ಬಿಟ್ಟಿದ್ದ ಕಳೆದ ಪ್ರಯಾಣದ ಮೈಲ್ಸ್ ಕೇಳಲು ಇನ್ನೂ ಸಮಯ ಇತ್ತು. ಬೋರ್ಡಿಂಗ್ ಪಾಸ್ ಮಗಳ ಪುಸ್ತಕದಲ್ಲಿ ಗುರುತಿಗೆ ಇಟ್ಟಿದ್ದು ಸಿಕ್ಕಿತು, ಅರ್ಜಿ ಹಾಕಿದೆ.

"ಇದ್ರಲ್ಲಿ ಅಜ್ಜೀನ ಇಲ್ಲಿಗೆ ಕರೆಸಬಹುದಾ?" ಎಂದಳು.

ಬೇರೆಯವರ ಹೆಸರಿಗೂ ಟಿಕೆಟ್ ತೆಗೆಯಬಹುದು. "ಹ್ಞೂಂ, ಆಗತ್ತೆ" ಎಂದೆ. ಇನ್ನೂ ಎಷ್ಟು ಬೇಕು ಎಂದು ಬರೆದು ಫ್ರಿಜ್ ಮೇಲೆ ಅಂಟಿಸಿದ್ದಾಳೆ. ಇವತ್ತು ಎಷ್ಟಾಯ್ತು ಎಂದು ದಿನಾ ಬೆಳಿಗ್ಗೆ ಕೇಳುತ್ತಾಳೆ. ಮನೆಯಲ್ಲೇ ಕೂತರೆ ಅದು ಬೆಳೆಯುವುದಿಲ್ಲ ಎಂದು ನಾನಿನ್ನೂ ಹೇಳಿಲ್ಲ.